ಮೂರು ಹೊತ್ತು ಎಂದರೆ ಎಷ್ಟು ಗಂಟೆಗೊಮ್ಮೆ? ಗಂಟಲು, ಸೈನಸ್, ಕಿವಿಯ ಸೋಂಕಿಗೆ ಆ್ಯಂಟಿಬಯೋಟಿಕ್ ನುಂಗುವ ಲೆಕ್ಕ

ಔಷಧಿ ಕೊಡುವ ಕೌಂಟರಿನ ಹಿಂದೆ ವರ್ಷಗಟ್ಟಲೆ ನಿಂತವರಿಗೆ ಕೆಲವು ಪ್ರಶ್ನೆಗಳು ಬಾಯಿಪಾಠವಾಗಿರುತ್ತವೆ. ಅಂಥದ್ದೊಂದನ್ನು ಕೇಳಿದವನು ಕಾಲೇಜು ಹುಡುಗ. ಅವನಿಗೂ ಅವನ ತಂಗಿಗೂ ಒಂದೇ ವಾರದಲ್ಲಿ ಗಂಟಲು ಕೆಟ್ಟಿತ್ತು. ತಂಗಿಗೆ ವೈದ್ಯರು ದಿನಕ್ಕೆ ಎರಡರಂತೆ 10 ದಿನ ಅಮಾಕ್ಸಿಸಿಲಿನ್ ಬರೆದಿದ್ದರು. ಅವನಿಗೆ ಪೆನಿಸಿಲಿನ್ ಒಗ್ಗುವುದಿಲ್ಲ, ಅಮಾಕ್ಸಿಸಿಲಿನ್ ಅದೇ ಕುಟುಂಬದ್ದು, ಹಾಗಾಗಿ ದಿನಕ್ಕೆ ಒಂದು ಹೊತ್ತಿನಂತೆ 5 ದಿನ ಅಜಿತ್ರೋಮೈಸಿನ್. ಚೀಟಿ ಎರಡನ್ನೂ ಮುಂದಿಟ್ಟು ಕೇಳಿದ: "ನನ್ನ ಮಾತ್ರೆಗೇ ಪವರ್ ಹೆಚ್ಚು ಅಲ್ಲವೇ ಸರ್? ಅವಳಿಗೂ ಇದನ್ನೇ ಕೊಟ್ಟರೆ ಐದು ದಿನಕ್ಕೆ ಮುಗಿದುಹೋಗುತ್ತದಲ್ಲ?"

ಪವರ್‌ನ ಮಾತು ಇಲ್ಲಿ ಬರುವುದೇ ಇಲ್ಲ. ದಿನಕ್ಕೆ ಎಷ್ಟು ಸಲ ಎಂಬುದು ಔಷಧಿಯ ಬಲವನ್ನಲ್ಲ, ಅದು ಮೈಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಹೇಳುತ್ತದೆ. ಅಮಾಕ್ಸಿಸಿಲಿನ್ ಬಂದಷ್ಟೇ ಬೇಗ ಹೊರಡುವ ಅತಿಥಿ. ಅಜಿತ್ರೋಮೈಸಿನ್ ಹೋಗು ಎಂದರೂ ಹೋಗದ ನೆಂಟ. ಇದೊಂದು ತಿಳಿದರೆ ಚೀಟಿಯ ಮೇಲಿನ ಅಂಕಿಗಳು ತಾವಾಗಿಯೇ ಅರ್ಥ ಕೊಡತೊಡಗುತ್ತವೆ. ಮಾತ್ರೆ ಯಾವುದು, ಪ್ರಮಾಣ ಎಷ್ಟು ಎಂಬುದು ನಿಮ್ಮನ್ನು ಪರೀಕ್ಷಿಸಿದ ವೈದ್ಯರ ಕೆಲಸ. ಅವರು ಬರೆದದ್ದನ್ನು ಗಡಿಯಾರಕ್ಕೆ ಹೊಂದಿಸುವುದು ನಿಮ್ಮ ಕೆಲಸ. ಈ ಬರಹ ಆ ಎರಡನೆಯ ಕೆಲಸದ ಬಗ್ಗೆ.

ಮೊದಲು: ಆ್ಯಂಟಿಬಯೋಟಿಕ್ ಬೇಕೇ ಎಂದು ಕೇಳಿ

ನೆಗಡಿ, ಫ್ಲೂ, ಬಹುಪಾಲು ಗಂಟಲು ನೋವು, ಬಹುಪಾಲು ಕೆಮ್ಮು, ಇವೆಲ್ಲ ವೈರಸ್‌ನಿಂದ ಬರುವಂಥವು. ವೈರಸ್‌ಗೆ ಆ್ಯಂಟಿಬಯೋಟಿಕ್ ತಟ್ಟುವುದಿಲ್ಲ. ಎಂಟು ಗಂಟೆಗೊಮ್ಮೆ ನುಂಗಿದರೂ ಅಷ್ಟೇ, ಎರಡು ಗಂಟೆಗೊಮ್ಮೆ ನುಂಗಿದರೂ ಅಷ್ಟೇ. ಗಂಟಲು ನೋವೆಂದು ಬರುವ ದೊಡ್ಡವರಲ್ಲಿ ಸುಮಾರು 5ರಿಂದ 15 ಶೇಕಡಾ, ಮಕ್ಕಳಲ್ಲಿ 20ರಿಂದ 30 ಶೇಕಡಾ ಮಂದಿಗೆ ಮಾತ್ರ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ ಕಾರಣವಾಗಿರುತ್ತದೆ. ಜ್ವರವಿದೆ, ಟಾನ್ಸಿಲ್ ಮೇಲೆ ಬಿಳಿ ಕೀವಿನ ಚುಕ್ಕೆಗಳಿವೆ, ಕತ್ತಿನ ಮುಂಭಾಗದ ಗ್ರಂಥಿಗಳು ಊದಿ ಮುಟ್ಟಿದರೆ ನೋಯುತ್ತಿವೆ, ಕೆಮ್ಮು ಇಲ್ಲ ಎಂದಾದರೆ ವೈದ್ಯರ ಅನುಮಾನ ಆ ಕಡೆ ಹೋಗುತ್ತದೆ. ಗಂಟಲಿನಿಂದ ಹತ್ತಿಯಲ್ಲಿ ಒರೆಸಿ ತೆಗೆದು ಪರೀಕ್ಷಿಸಿದರೆ ಖಚಿತವಾಗುತ್ತದೆ. ಮೂಗು ಸುರಿಯುವುದು, ದನಿ ಒಡೆದಿರುವುದು, ಕಣ್ಣು ಕೆಂಪಾಗಿರುವುದು ವೈರಸ್‌ನ ಗುರುತುಗಳು.

ಸೈನಸ್‌ಗೆ ಬೇರೆ ಲೆಕ್ಕ. ಸಿಂಬಳ ಹಳದಿ ಅಥವಾ ಹಸಿರಾಯಿತು ಎಂದ ಮಾತ್ರಕ್ಕೆ ಬ್ಯಾಕ್ಟೀರಿಯಾ ಸೇರಿಕೊಂಡಿದೆ ಎಂದಲ್ಲ; ಸಾಧಾರಣ ನೆಗಡಿಯಲ್ಲೂ ಬಣ್ಣ ತಿರುಗುತ್ತದೆ. 10 ದಿನ ಕಳೆದರೂ ಇಳಿಯದಿದ್ದರೆ, ಮೊದಲಿನಿಂದಲೇ 39 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಜ್ವರದೊಡನೆ ಮುಖ ನೋವು, ಕೀವಿನಂಥ ಸಿಂಬಳ ಮೂರು ನಾಲ್ಕು ದಿನ ಬಿಡದಿದ್ದರೆ, ಅಥವಾ ವಾಸಿಯಾಗುತ್ತ ಬಂದದ್ದು ಆರನೇ ದಿನದ ಆಸುಪಾಸಿನಲ್ಲಿ ತಿರುಗಿ ಜೋರಾದರೆ, ಆಗ ಬ್ಯಾಕ್ಟೀರಿಯಾ ಎಂದು ಎಣಿಸುತ್ತಾರೆ. ಮಕ್ಕಳ ಕಿವಿ ನೋವಿನಲ್ಲಿ ಲಕ್ಷಣ ಹಗುರವಾಗಿದ್ದರೆ ಎರಡು ಮೂರು ದಿನ ಬರೀ ನೋವಿನ ಔಷಧಿ ಕೊಟ್ಟು ಕಾಯಲು ಹೇಳುವ ವೈದ್ಯರೂ ಇದ್ದಾರೆ. ಅವರು ಏನೂ ಬರೆದುಕೊಡಲಿಲ್ಲ ಎಂದು ಮುನಿಸಿಕೊಳ್ಳಬೇಡಿ. ಕಾಯಲು ಹೇಳುವುದಕ್ಕೆ ಬರೆದುಕೊಡುವುದಕ್ಕಿಂತ ಹೆಚ್ಚು ಧೈರ್ಯ ಬೇಕು.

ಅಂತರದ ಗುಟ್ಟು

1941ರ ಫೆಬ್ರುವರಿಯಲ್ಲಿ ಆಕ್ಸ್‌ಫರ್ಡ್‌ನ ಆಸ್ಪತ್ರೆಯೊಂದರಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಪೆನಿಸಿಲಿನ್ ಚುಚ್ಚಿದರು. ಮುಖ, ತಲೆ, ಶ್ವಾಸಕೋಶಕ್ಕೆಲ್ಲ ಸೋಂಕು ಹರಡಿ ಸಾವಿನಂಚಿಗೆ ಬಂದಿದ್ದ ಮನುಷ್ಯ ಕೆಲವೇ ದಿನಗಳಲ್ಲಿ ಚೇತರಿಸಿಕೊಂಡ. ಆದರೆ ಇದ್ದ ಔಷಧಿ ಬಹಳ ಕಡಿಮೆ, ಅದೂ ಮೈಯಲ್ಲಿ ನಿಲ್ಲುತ್ತಿರಲಿಲ್ಲ. ಮೂತ್ರಪಿಂಡಗಳು ಅದನ್ನು ಸರಸರನೆ ಸೋಸಿ ಹೊರಹಾಕುತ್ತಿದ್ದವು. ಈ ಚಿಕಿತ್ಸೆ ನಡೆಸುತ್ತಿದ್ದ ವಿಜ್ಞಾನಿ ಹೋವರ್ಡ್ ಫ್ಲೋರಿಯ ತಂಡದವರು ಆತನ ಮೂತ್ರವನ್ನು ಪ್ರಯೋಗಾಲಯಕ್ಕೆ ಒಯ್ದು, ಅದರಿಂದ ಪೆನಿಸಿಲಿನ್ ಬೇರ್ಪಡಿಸಿ ಮತ್ತೆ ಆತನಿಗೇ ಚುಚ್ಚಿದರು. ಕೊನೆಗೆ ಅದೂ ಮುಗಿಯಿತು, ಸೋಂಕು ಮರುಕಳಿಸಿತು, ಮಾರ್ಚ್‌ನಲ್ಲಿ ಆತ ತೀರಿಕೊಂಡ. ಮುಂದೆ ಪೆನಿಸಿಲಿನ್ ಬೇಗ ಹೊರಹೋಗದಂತೆ ತಡೆಯಲೆಂದೇ ಪ್ರೊಬೆನೆಸಿಡ್ ಎಂಬ ಮತ್ತೊಂದು ಔಷಧಿಯನ್ನು ಜೊತೆಗೆ ಕೊಡುವ ಪದ್ಧತಿ ಬಂತು.

ಪೆನಿಸಿಲಿನ್ ಕುಟುಂಬದ ಸ್ವಭಾವ ಇವತ್ತಿಗೂ ಅದೇ. ಅಮಾಕ್ಸಿಸಿಲಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಹೆಚ್ಚುಕಡಿಮೆ ಒಂದು ಗಂಟೆ ಸಾಕು. ಇನ್ನೊಂದು ಗಂಟೆಗೆ ಕಾಲುಭಾಗ, ಮೂರನೆಯದಕ್ಕೆ ಎಂಟರಲ್ಲೊಂದು ಭಾಗ. ಎಂಟು ಗಂಟೆ ಕಳೆಯುವಷ್ಟರಲ್ಲಿ 256ರಲ್ಲಿ ಒಂದು ಭಾಗ ಉಳಿದಿರುತ್ತದೆ. ಮಧ್ಯಾಹ್ನದ ಮಾತ್ರೆ ತಪ್ಪಿಸಿದರೆ ಸಂಜೆಯಷ್ಟು ಹೊತ್ತಿಗೆ ರಕ್ತದಲ್ಲಿ ಏನಿರುತ್ತದೆ ಎಂದು ನೀವೇ ಲೆಕ್ಕ ಹಾಕಬಹುದು.

ಇದರ ಜೊತೆಗೆ ಇನ್ನೊಂದು ಸಂಗತಿ. ಪೆನಿಸಿಲಿನ್ ಮತ್ತು ಸೆಫಲೋಸ್ಪೊರಿನ್ ಜಾತಿಯ ಔಷಧಿಗಳು ಬ್ಯಾಕ್ಟೀರಿಯಾ ತನ್ನ ಹೊರಗೋಡೆ ಕಟ್ಟಿಕೊಳ್ಳುವಾಗ ಅಡ್ಡ ಬಂದು ಅದನ್ನು ಕೊಲ್ಲುತ್ತವೆ. ಬ್ಯಾಕ್ಟೀರಿಯಾ ಒಡೆದು ಎರಡಾಗುವ ಆ ಕ್ಷಣದಲ್ಲಿ ಔಷಧಿ ಅಲ್ಲಿರಬೇಕು. ಹ್ಯಾರಿ ಈಗಲ್ ಎಂಬ ವಿಜ್ಞಾನಿ 1940ರ ದಶಕದ ಕೊನೆಯಿಂದ 1950ರ ದಶಕದವರೆಗೆ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ ತೋರಿಸಿಕೊಟ್ಟದ್ದು ಇದನ್ನೇ: ಪೆನಿಸಿಲಿನ್‌ನಲ್ಲಿ ಎಷ್ಟು ಸುರಿದಿರಿ ಎನ್ನುವುದಕ್ಕಿಂತ ಎಷ್ಟು ಹೊತ್ತು ಉಳಿಸಿಕೊಂಡಿರಿ ಎನ್ನುವುದು ಮುಖ್ಯ. ಕಾವಲುಗಾರ ಎಷ್ಟು ದಷ್ಟಪುಷ್ಟ ಎಂದು ಕಳ್ಳ ನೋಡುವುದಿಲ್ಲ, ಯಾವಾಗ ಎಚ್ಚರವಾಗಿರುತ್ತಾನೆ ಎಂದು ನೋಡುತ್ತಾನೆ. ಎರಡು ಮಾತ್ರೆ ಒಟ್ಟಿಗೆ ನುಂಗಿ ಒಂದು ಹೊತ್ತು ಬಿಡುವುದು ಒಂದೇ ಪಾಳಿಗೆ ಇಬ್ಬರು ಕಾವಲುಗಾರರನ್ನು ಹಾಕಿ ಮುಂದಿನ ಪಾಳಿಯನ್ನು ಖಾಲಿ ಬಿಟ್ಟಂತೆ.

ಹಾಗಿದ್ದರೆ ತಂಗಿಗೆ ದಿನಕ್ಕೆ ಎರಡೇ ಹೊತ್ತು ಹೇಗೆ ಸಾಕಾಯಿತು? ಗಂಟಲಿನ ಸ್ಟ್ರೆಪ್ಟೋಕಾಕಸ್ ಪೆನಿಸಿಲಿನ್ ಮುಂದೆ ತೀರಾ ಮೆತ್ತಗೆ. ಅತ್ಯಲ್ಪ ಔಷಧಿ ರಕ್ತದಲ್ಲಿದ್ದರೂ ತಲೆ ಎತ್ತುವುದಿಲ್ಲ. ಅಲ್ಲದೆ ಬ್ಯಾಕ್ಟೀರಿಯಾವನ್ನು ತಡೆಯುವಷ್ಟು ಔಷಧಿ ಇಡೀ 24 ಗಂಟೆಯೂ ರಕ್ತದಲ್ಲಿರಬೇಕೆಂದಿಲ್ಲ. ಎರಡು ಡೋಸ್‌ಗಳ ನಡುವಿನ ಅವಧಿಯ ಸುಮಾರು 40 ಶೇಕಡಾ ಹೊತ್ತು ಇದ್ದರೆ ಅಮಾಕ್ಸಿಸಿಲಿನ್ ಕೆಲಸ ಮಾಡುತ್ತದೆ. ಕಿವಿ ಮತ್ತು ಸೈನಸ್‌ಗೆ ನುಗ್ಗುವ ನ್ಯೂಮೋಕಾಕಸ್ ಎಂಬ ಬ್ಯಾಕ್ಟೀರಿಯಾ ಅಷ್ಟು ಸಾಧುವಲ್ಲ. ಅದಕ್ಕೆ ಹೆಚ್ಚು ಪ್ರಮಾಣ ಬೇಕಾಗುವುದುಂಟು.

ಅಜಿತ್ರೋಮೈಸಿನ್ ಇದಕ್ಕೆ ತದ್ವಿರುದ್ಧ. ಅದು ಅರ್ಧಕ್ಕೆ ಇಳಿಯಲು ಸುಮಾರು 68 ಗಂಟೆ, ಅಂದರೆ ಎರಡು ದಿನಕ್ಕೂ ಹೆಚ್ಚು ಬೇಕು. ರಕ್ತದಿಂದ ಜೀವಕೋಶಗಳೊಳಗೆ ಇಳಿದು ಅಲ್ಲೇ ಬೀಡು ಬಿಡುತ್ತದೆ. ಕೊನೆಯ ಮಾತ್ರೆ ನುಂಗಿದ ಮೇಲೂ ದಿನಗಟ್ಟಲೆ ಟಾನ್ಸಿಲ್‌ನಲ್ಲಿ ಇರುತ್ತದೆ. ದಿನಕ್ಕೊಂದು ಸಾಕು ಎನ್ನುವುದಕ್ಕೆ ಇದೇ ಕಾರಣ. ಇದರಲ್ಲಿ ತೊಂದರೆಯೂ ಇದೆ: ಮೈಯಲ್ಲಿ ಸಣ್ಣ ಪ್ರಮಾಣದಲ್ಲಿ ಬಹುಕಾಲ ಉಳಿಯುವ ಔಷಧಿಗೆ ಬ್ಯಾಕ್ಟೀರಿಯಾ ಒಗ್ಗಿಕೊಳ್ಳಲು ಸಮಯ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆ್ಯಂಟಿಬಯೋಟಿಕ್‌ಗಳನ್ನು ಮೂರು ಗುಂಪು ಮಾಡಿದಾಗ ಅಮಾಕ್ಸಿಸಿಲಿನ್ ಮೊದಲ ಆಯ್ಕೆಯ ಗುಂಪಿನಲ್ಲಿ ನಿಂತಿತು, ಅಜಿತ್ರೋಮೈಸಿನ್ ಮತ್ತು ಸೆಫಿಕ್ಸಿಮ್ ಎಚ್ಚರದಿಂದ ಬಳಸಬೇಕಾದ ಗುಂಪಿಗೆ ಹೋದವು. "ದಿನಕ್ಕೊಂದೇ, ಸುಲಭ" ಎಂದು ಅದನ್ನೇ ಕೇಳಿ ಪಡೆಯುವವರನ್ನು ಕಂಡಾಗ ನನಗೆ ಸಂಕಟವಾಗುವುದು ಇದಕ್ಕೆ.

ಚೀಟಿಯನ್ನು ಗಡಿಯಾರಕ್ಕೆ ಹೊಂದಿಸುವುದು

ಚೀಟಿಯಲ್ಲಿ ಒಡಿ ಎಂದರೆ ದಿನಕ್ಕೊಮ್ಮೆ, ಬಿಡಿ ಎಂದರೆ ಎರಡು ಸಲ, ಟಿಡಿಎಸ್ ಎಂದರೆ ಮೂರು ಸಲ, ಕ್ಯೂಐಡಿ ಎಂದರೆ ನಾಲ್ಕು ಸಲ. 1-0-1, 1-1-1 ಎಂದು ಬರೆದಿದ್ದರೆ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮ. ಇಲ್ಲಿಯೇ ಎಡವುವುದು. 1-1-1 ಕಂಡ ಕೂಡಲೇ ನಮ್ಮ ಮನಸ್ಸು ಊಟದ ಹೊತ್ತುಗಳಿಗೆ ಓಡುತ್ತದೆ. ಬೆಳಗ್ಗೆ 9ಕ್ಕೆ ಒಂದು, ಮಧ್ಯಾಹ್ನ 1ಕ್ಕೆ ಒಂದು, ರಾತ್ರಿ 9ಕ್ಕೆ ಒಂದು. ನಡುವಿನ ಅಂತರ ಎಣಿಸಿ: ನಾಲ್ಕು ಗಂಟೆ, ಎಂಟು ಗಂಟೆ, ಹನ್ನೆರಡು ಗಂಟೆ. ಮೂರು ಮಾತ್ರೆ ಹೊಟ್ಟೆಗೆ ಹೋಗಿದ್ದರೂ ರಾತ್ರಿಯಿಂದ ಬೆಳಗಿನವರೆಗೆ ಕಾವಲು ಇಲ್ಲ.

ಅದೇ ಮೂರನ್ನು ಬೆಳಗ್ಗೆ 7, ಮಧ್ಯಾಹ್ನ 3, ರಾತ್ರಿ 11ಕ್ಕೆ ಇಟ್ಟರೆ ಎಲ್ಲ ಅಂತರವೂ ಎಂಟು ಗಂಟೆ. ಬೇಗ ಮಲಗುವವರು 6, 2, 10 ಎಂದು ಇಟ್ಟುಕೊಳ್ಳಬಹುದು. ದಿನಕ್ಕೆ ಎರಡಾದರೆ 7 ಮತ್ತು 7, ಅಥವಾ 8 ಮತ್ತು 8. ನಾಲ್ಕು ಸಲವಾದರೆ ಎದ್ದ ಕೂಡಲೇ, ನಡುಹಗಲು, ಸಂಜೆ, ಮಲಗುವ ಮುನ್ನ. ಗಂಟಲು, ಕಿವಿ, ಸೈನಸ್‌ನ ಸಾಮಾನ್ಯ ಸೋಂಕಿಗೆ ನಡುರಾತ್ರಿ ಅಲಾರಾಂ ಇಟ್ಟು ಏಳಬೇಕಾದ ಅಗತ್ಯವಿಲ್ಲ, ವೈದ್ಯರು ಹಾಗೆಂದು ಹೇಳಿದ್ದರೆ ಹೊರತು. ಅರ್ಧ ಗಂಟೆ, ಮುಕ್ಕಾಲು ಗಂಟೆ ಹಿಂದುಮುಂದಾದರೆ ಏನೂ ಮುಳುಗುವುದಿಲ್ಲ.

ಮೊದಲ ಡೋಸ್‌ಗೆ ಈ ಶಿಸ್ತು ಬೇಡ. ಮಧ್ಯಾಹ್ನ 4ಕ್ಕೆ ಮಾತ್ರೆ ಕೈಗೆ ಬಂದರೆ ರಾತ್ರಿಯವರೆಗೆ ಕಾಯದೆ ಆಗಲೇ ನುಂಗಿ. ಎರಡನೆಯದನ್ನು ಮಲಗುವ ಮುಂಚೆ ತೆಗೆದುಕೊಂಡು ಮರುದಿನದಿಂದ ಸರಿಯಾದ ಹೊತ್ತಿಗೆ ಬನ್ನಿ. ಮೊಬೈಲ್‌ನಲ್ಲಿ ಅಲಾರಾಂ ಇಟ್ಟರೆ ಒಳ್ಳೆಯದು. ನನಗೆ ಅದಕ್ಕಿಂತ ಹಿಡಿಸುವುದು ಹಳೆಯ ಉಪಾಯ: ಮಾತ್ರೆಯ ಪಟ್ಟಿಯ ಹಿಂಬದಿಯ ಹಾಳೆಯ ಮೇಲೆ ಪೆನ್ನಿನಿಂದ "ಸೋಮ 7", "ಸೋಮ 3" ಎಂದು ಮೊದಲೇ ಬರೆದಿಡುವುದು. ಅಲಾರಾಂ ಬಡಿದದ್ದು ನೆನಪಿರುತ್ತದೆ, ನುಂಗಿದೆನೋ ಇಲ್ಲವೋ ಎನ್ನುವುದು ಮರೆತುಹೋಗುತ್ತದೆ. ಪಟ್ಟಿಯಲ್ಲಿ "ಸೋಮ 3" ಖಾಲಿಯಾಗಿದ್ದರೆ ಸಂಶಯಕ್ಕೆ ಎಡೆಯಿಲ್ಲ.

ಒಂದೊಂದು ಔಷಧಿಗೂ ಅದರದೇ ಹೊತ್ತು

ಕೆಳಗಿನ ಪ್ರಮಾಣಗಳು ನಿಮ್ಮ ಚೀಟಿಯನ್ನು ಅರ್ಥ ಮಾಡಿಕೊಳ್ಳಲು. ಚೀಟಿ ಇಲ್ಲದವರಿಗೆ ಚೀಟಿಯಾಗಲು ಅಲ್ಲ.

ಪೆನಿಸಿಲಿನ್ ವಿ: ಸ್ಟ್ರೆಪ್ ಗಂಟಲಿಗೆ ದೊಡ್ಡವರಿಗೆ 500 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಇಲ್ಲವೇ 250 ಮಿಲಿಗ್ರಾಂ ನಾಲ್ಕು ಸಲ, 10 ದಿನ. 27 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ 250 ಮಿಲಿಗ್ರಾಂ ಎರಡು ಅಥವಾ ಮೂರು ಸಲ. ಖಾಲಿ ಹೊಟ್ಟೆಯಲ್ಲಿ ಚೆನ್ನಾಗಿ ಹೀರಿಕೊಳ್ಳುತ್ತದೆ, ಆದ್ದರಿಂದ ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ.

ಅಮಾಕ್ಸಿಸಿಲಿನ್: ಅದೇ ಗಂಟಲಿಗೆ ಮಗುವಿನ ತೂಕದ ಪ್ರತಿ ಕಿಲೋಗೆ ದಿನಕ್ಕೆ 50 ಮಿಲಿಗ್ರಾಂ. ಒಂದೇ ಸಲ ಕೊಡಬಹುದು, ಎರಡಾಗಿ ಹಂಚಲೂಬಹುದು. ದಿನಕ್ಕೆ 1000 ಮಿಲಿಗ್ರಾಂ ಮೀರುವಂತಿಲ್ಲ. ಇದೂ 10 ದಿನ. ಊಟದ ಜೊತೆಗೋ ಬಿಟ್ಟೋ, ಹೇಗಾದರೂ ಆಗುತ್ತದೆ. ಕಿವಿಯ ಸೋಂಕಿಗಾದರೆ ಇದೇ ಔಷಧಿ ಕಿಲೋಗೆ 80ರಿಂದ 90 ಮಿಲಿಗ್ರಾಂವರೆಗೆ ಏರುತ್ತದೆ, ಎರಡು ಹೊತ್ತಿಗೆ ಹಂಚಿ. 20 ಕಿಲೋ ತೂಕದ ಮಗುವಿಗೆ ಗಂಟಲಿಗೆ ದಿನಕ್ಕೆ 1000 ಮಿಲಿಗ್ರಾಂ ಆದರೆ ಕಿವಿಗೆ 1600ರಿಂದ 1800. ಹೋದ ತಿಂಗಳ ಗಂಟಲಿನ ಚೀಟಿಯನ್ನು ಈ ತಿಂಗಳ ಕಿವಿಗೆ ಬಳಸುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು.

ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್: ಸೈನಸ್‌ಗೆ ಹೆಚ್ಚಾಗಿ ಬರೆಯುವುದು ಇದನ್ನೇ. ಬ್ಯಾಕ್ಟೀರಿಯಾ ಅಮಾಕ್ಸಿಸಿಲಿನ್ ಅನ್ನು ಒಡೆದುಹಾಕದಂತೆ ಕಾಯುವುದು ಕ್ಲಾವುಲನೇಟ್‌ನ ಕೆಲಸ. ದೊಡ್ಡವರಿಗೆ 625 ಮಿಲಿಗ್ರಾಂನ ಮಾತ್ರೆ ದಿನಕ್ಕೆ ಮೂರು, ಅಥವಾ 1000ದ ಮಾತ್ರೆ ದಿನಕ್ಕೆ ಎರಡು, ಸಾಮಾನ್ಯವಾಗಿ 5ರಿಂದ 7 ದಿನ. ಈ ಅಂಕಿಗಳು ಎರಡು ಔಷಧಿಗಳ ಮೊತ್ತ: 625 ಎಂದರೆ 500 ಅಮಾಕ್ಸಿಸಿಲಿನ್ ಮತ್ತು 125 ಕ್ಲಾವುಲನೇಟ್, 1000 ಎಂದರೆ 875 ಮತ್ತು 125. ದೊಡ್ಡ ಮಾತ್ರೆಯಲ್ಲಿ ಕ್ಲಾವುಲನೇಟ್ ಹೆಚ್ಚಿಲ್ಲ ಎನ್ನುವುದನ್ನು ಗಮನಿಸಿ. ಹಾಗಾಗಿ ಎರಡು ಸಣ್ಣ ಮಾತ್ರೆ ಸೇರಿ ಒಂದು ದೊಡ್ಡದಾಗುವುದಿಲ್ಲ; ಕ್ಲಾವುಲನೇಟ್ ಇಮ್ಮಡಿಯಾಗಿ ಹೊಟ್ಟೆ ಕೆಡುತ್ತದೆ. ಇದನ್ನು ಊಟದ ಮೊದಲ ತುತ್ತಿನ ಜೊತೆ ತೆಗೆದುಕೊಂಡರೆ ಹೊಟ್ಟೆಗೂ ಹಿತ, ಹೀರಿಕೊಳ್ಳುವುದಕ್ಕೂ ಹಿತ.

ಸೆಫಾಲೆಕ್ಸಿನ್ ಸ್ಟ್ರೆಪ್ ಗಂಟಲಿಗೆ 500 ಮಿಲಿಗ್ರಾಂ ಎರಡು ಸಲ, 10 ದಿನ. ಸೆಫುರಾಕ್ಸಿಮ್ ಮಾತ್ರೆಯನ್ನು ಊಟದ ಜೊತೆಗೇ ನುಂಗಬೇಕು, ಖಾಲಿ ಹೊಟ್ಟೆಯಲ್ಲಿ ಅರೆಬರೆ ಹೀರಿಕೊಳ್ಳುತ್ತದೆ. ಅಜಿತ್ರೋಮೈಸಿನ್ ಗಂಟಲಿಗೆ ದೊಡ್ಡವರಿಗೆ ಮೊದಲ ದಿನ 500, ನಂತರ ನಾಲ್ಕು ದಿನ 250 ಎಂಬ ಕ್ರಮ ಹಳೆಯದು. ಆಮ್ಲ ತಗ್ಗಿಸುವ ಆಂಟಾಸಿಡ್ ಜೊತೆ ಒಟ್ಟಿಗೆ ಬೇಡ. ಪೆನಿಸಿಲಿನ್ ಒಗ್ಗದ ದೊಡ್ಡವರ ಸೈನಸ್‌ಗೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ಎರಡು ಸಲ ಬರೆಯುವುದುಂಟು. ಇದನ್ನು ಲೋಟ ತುಂಬ ನೀರಿನೊಡನೆ ನುಂಗಿ ಅರ್ಧ ಗಂಟೆಯಾದರೂ ನೆಟ್ಟಗೆ ಕುಳಿತಿರಬೇಕು. ಗುಟುಕು ನೀರಲ್ಲಿ ನುಂಗಿ ಅಡ್ಡಾದರೆ ಅನ್ನನಾಳದಲ್ಲಿ ಅಂಟಿಕೊಂಡು ಹುಣ್ಣು ಮಾಡುತ್ತದೆ. ಹಾಲು, ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಂದ ಎರಡು ಗಂಟೆ ದೂರವಿಡಿ, ಕೋರ್ಸ್ ಮುಗಿಯುವವರೆಗೆ ಸುಡುಬಿಸಿಲಿಗೆ ಮೈಯೊಡ್ಡಬೇಡಿ.

ಇಷ್ಟೂ ಹೊತ್ತುಗಳ ತಾಪತ್ರಯ ಬೇಡ ಎನ್ನುವವರಿಗೆ ಒಂದೇ ಒಂದು ಚುಚ್ಚುಮದ್ದು ಇದೆ: ಬೆಂಜತೀನ್ ಪೆನಿಸಿಲಿನ್. ಸ್ನಾಯುವಿನಲ್ಲಿ ಗಟ್ಟಿಯಾಗಿ ಕುಳಿತು ವಾರಗಟ್ಟಲೆ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಒಂದು ಗಂಟೆಯಲ್ಲಿ ಅರ್ಧವಾಗುವ ಅದೇ ಪೆನಿಸಿಲಿನ್! ಸೂಜಿಯ ನೋವು ಮಾತ್ರ ಸಣ್ಣದಲ್ಲ.

ಮೂತ್ರಪಿಂಡ ಸರಿಯಾಗಿ ಕೆಲಸ ಮಾಡದವರಿಗೆ ಮೇಲಿನ ಅಂತರಗಳು ಅನ್ವಯಿಸುವುದಿಲ್ಲ. ಸೋಸುವ ಕೆಲಸ ನಿಧಾನವಾದಷ್ಟೂ ಅಮಾಕ್ಸಿಸಿಲಿನ್‌ನಂಥವು ಮೈಯಲ್ಲಿ ಉಳಿಯುತ್ತವೆ, ಆಗ ವೈದ್ಯರು 8 ಗಂಟೆಯ ಅಂತರವನ್ನು 12ಕ್ಕೆ, 24ಕ್ಕೆ ಏರಿಸುತ್ತಾರೆ. ವಾರ್ಫರಿನ್, ಮೆಥೊಟ್ರೆಕ್ಸೇಟ್, ಹೃದಯ ಬಡಿತದ ಮಾತ್ರೆ, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್, ಇವನ್ನು ನುಂಗುವವರು ಅದನ್ನು ಮೊದಲೇ ಹೇಳಬೇಕು.

ಮಕ್ಕಳ ಬಾಟಲಿ

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. 20 ಕಿಲೋ ತೂಕದ ಹುಡುಗನಿಗೆ ಗಂಟಲಿನ ಸೋಂಕು. 500 ಮಿಲಿಗ್ರಾಂ ಅಮಾಕ್ಸಿಸಿಲಿನ್ ಎರಡು ಹೊತ್ತು, 10 ದಿನ. 5 ಮಿಲಿಲೀಟರ್‌ನಲ್ಲಿ 250 ಮಿಲಿಗ್ರಾಂ ಇರುವ ಬಾಟಲಿ, ಆದ್ದರಿಂದ ಪ್ರತಿ ಸಲ 10 ಮಿಲಿಲೀಟರ್. 100 ಮಿಲಿಲೀಟರ್‌ನ ಬಾಟಲಿ ಸರಿಯಾಗಿ ಐದು ದಿನಕ್ಕೆ ಮುಗಿಯಿತು. ಎರಡನೆಯದಕ್ಕೆ ತಾಯಿ ಬಂದಾಗ ನನ್ನಲ್ಲಿ ಇದ್ದದ್ದು 5 ಮಿಲಿಲೀಟರ್‌ಗೆ 125 ಮಿಲಿಗ್ರಾಂನದು. "20 ಮಿಲಿಲೀಟರ್ ಕೊಡಬೇಕು, ಬಾಟಲಿಯೂ ಎರಡು ಬೇಕಾಗುತ್ತದೆ" ಎಂದು ಹೇಳಬೇಕಿತ್ತು. ಜನ ತುಂಬಿದ್ದರು, ನಾನು ಹೇಳಲಿಲ್ಲ. ಆಕೆ ಹಿಂದಿನಂತೆಯೇ 10 ಅಳೆದು ಕೊಡುತ್ತ ಹೋದರು. ಎರಡು ದಿನದ ಮೇಲೆ ನೆನಪಾಗಿ ಫೋನ್ ಮಾಡುವಷ್ಟರಲ್ಲಿ ನಾಲ್ಕು ಡೋಸ್ ಅರ್ಧಕ್ಕರ್ಧ ಆಗಿತ್ತು. ಕೋರ್ಸ್ ಸರಿಪಡಿಸಿದ್ದು ವೈದ್ಯರು. ಹುಡುಗನಿಗೆ ಏನೂ ಆಗಲಿಲ್ಲ, ನನ್ನ ಮುಖ ಮಾತ್ರ ಸಣ್ಣದಾಯಿತು.

ಆದ್ದರಿಂದ ಬಾಟಲಿ ಬದಲಾದಾಗಲೆಲ್ಲ ಹೊಸದರ ಮೇಲಿನ "5 ಮಿಲಿಲೀಟರ್‌ಗೆ ಎಷ್ಟು ಮಿಲಿಗ್ರಾಂ" ಎಂಬ ಸಾಲನ್ನು ಓದಿ. ಡೋಸನ್ನು "ಒಂದು ಚಮಚ" ಎಂದು ನೆನಪಿಟ್ಟುಕೊಳ್ಳಬೇಡಿ. ಅಡುಗೆಮನೆಯ ಚಮಚಗಳಲ್ಲಿ ಒಂದು ಇನ್ನೊಂದರಂತಿಲ್ಲ. ಅಳತೆಗೆ ಸೂಜಿಯಿಲ್ಲದ ಸಿರಿಂಜ್ ಬಳಸಿ.

ಪುಡಿ ಇರುವ ಬಾಟಲಿಯಾದರೆ ಮೊದಲು ಒಣ ಬಾಟಲಿಯನ್ನೇ ತಟ್ಟಿ ಪುಡಿಯನ್ನು ಸಡಿಲಿಸಿ. ಕುದಿಸಿ ಪೂರ್ತಿ ಆರಿಸಿದ ನೀರನ್ನು ಗುರುತಿಗಿಂತ ಸ್ವಲ್ಪ ಕೆಳಗಿನವರೆಗೆ ಹಾಕಿ, ಕುಲುಕಿ, ನೊರೆ ಇಳಿದ ಮೇಲೆ ಗುರುತು ಮುಟ್ಟುವಷ್ಟು ಮತ್ತೆ ಹಾಕಿ. ನೊರೆಯನ್ನೇ ನೀರೆಂದು ತಿಳಿದು ನಿಲ್ಲಿಸಿದರೆ ಔಷಧಿ ಗಟ್ಟಿಯಾಗಿ, ಪ್ರತಿ ಡೋಸ್ ಹೆಚ್ಚಾಗುತ್ತದೆ. ಕಲಸಿದ ದಿನಾಂಕವನ್ನು ಬಾಟಲಿಯ ಮೇಲೆ ಬರೆಯಿರಿ. ಕ್ಲಾವುಲನೇಟ್ ಇರುವುದನ್ನು ಫ್ರಿಜ್‌ನಲ್ಲೇ ಇಡಬೇಕು, ಕಲಸಿದ ಮೇಲೆ ಅದರ ಆಯಸ್ಸು ಲೇಬಲ್‌ನಲ್ಲಿ ಇರುವಂತೆ 7ರಿಂದ 10 ದಿನ. ಎರಡು ಬಾಟಲಿ ಕೊಟ್ಟಿದ್ದರೆ ಎರಡನೆಯದಕ್ಕೆ ನೀರು ಹಾಕುವುದು ಮೊದಲನೆಯದು ಮುಗಿದ ಮೇಲೆ. ಪ್ರತಿ ಸಲವೂ ಕುಲುಕಿಯೇ ಅಳೆಯಬೇಕು, ಇಲ್ಲವಾದರೆ ಮೊದಲ ದಿನಗಳಲ್ಲಿ ಬರೀ ನೀರು, ಕೊನೆಯಲ್ಲಿ ಬರೀ ಗಸಿ. ಸಿರಿಂಜನ್ನು ನಾಲಿಗೆಯ ನಡುವೆ ಅಲ್ಲ, ಕೆನ್ನೆಯ ಒಳಬದಿಗೆ ಇಟ್ಟು ಸ್ವಲ್ಪ ಸ್ವಲ್ಪವೇ ಒತ್ತಿ.

ಮರೆತರೆ, ವಾಂತಿಯಾದರೆ

ಮರೆತದ್ದು ನೆನಪಾದ ಕೂಡಲೇ ನುಂಗಿ. ಮುಂದಿನ ಡೋಸ್ ಹತ್ತಿರ ಬಂದಿದ್ದರೆ ಮಾತ್ರ ಮರೆತದ್ದನ್ನು ಬಿಟ್ಟುಬಿಡಿ. 7, 3, 11ರ ಲೆಕ್ಕದಲ್ಲಿ 3ರ ಮಾತ್ರೆ 5 ಗಂಟೆಗೆ ನೆನಪಾದರೆ ಆಗಲೇ ತೆಗೆದುಕೊಳ್ಳಿ, ಉಳಿದವು ಎಂದಿನಂತೆ. ರಾತ್ರಿ 10ಕ್ಕೆ ನೆನಪಾದರೆ ಅದು ಹೋಯಿತು, 11ರದನ್ನು ಮಾತ್ರ ನುಂಗಿ. ಹೋದದ್ದನ್ನು ಸರಿದೂಗಿಸಲು ಎರಡನ್ನು ಒಟ್ಟಿಗೆ ನುಂಗಬಾರದು. ದಿನಕ್ಕೊಂದರ ಅಜಿತ್ರೋಮೈಸಿನ್ ಅದೇ ದಿನ ಯಾವಾಗ ನೆನಪಾದರೂ ಸರಿ.

ಡೋಸ್ ಕೊಟ್ಟ ಅರ್ಧ ಗಂಟೆಯೊಳಗೆ ಮಗು ವಾಂತಿ ಮಾಡಿದರೆ ಸಾಮಾನ್ಯವಾಗಿ ಅದೇ ಡೋಸನ್ನು ಮತ್ತೊಮ್ಮೆ ಕೊಡುತ್ತಾರೆ. ಅರ್ಧ ಗಂಟೆ ದಾಟಿದ್ದರೆ ಮುಂದಿನ ಹೊತ್ತಿಗೆ ಕಾಯುತ್ತಾರೆ. ಪ್ರತಿ ಸಲವೂ ವಾಂತಿಯೇ ಆದರೆ ವೈದ್ಯರನ್ನು ಕಾಣಿ, ಬೇರೆ ಔಷಧಿ ಬೇಕಾಗಬಹುದು.

ಎಷ್ಟು ದಿನ

1945ರ ಡಿಸೆಂಬರ್‌ನಲ್ಲಿ ನೊಬೆಲ್ ಸ್ವೀಕರಿಸಿ ಮಾತಾಡಿದ, ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಒಂದು ಕಲ್ಪಿತ ಕತೆ ಹೇಳಿದರು. ಒಬ್ಬನಿಗೆ ಗಂಟಲು ನೋವು. ತಾನೇ ಪೆನಿಸಿಲಿನ್ ಕೊಂಡು ಸಾಕಾಗದಷ್ಟು ನುಂಗುತ್ತಾನೆ. ಸ್ಟ್ರೆಪ್ಟೋಕಾಕಸ್ ಸಾಯುವುದಿಲ್ಲ, ಔಷಧಿಯನ್ನು ಎದುರಿಸಲು ಕಲಿಯುತ್ತದೆ. ಆಮೇಲೆ ಹೆಂಡತಿಗೆ ಅಂಟುತ್ತದೆ, ಚಿಕಿತ್ಸೆ ಫಲಿಸದೆ ಆಕೆ ಸಾಯುತ್ತಾಳೆ. ವಿಚಿತ್ರವೆಂದರೆ ಫ್ಲೆಮಿಂಗ್ ಹೆಸರಿಸಿದ ಆ ಸ್ಟ್ರೆಪ್ಟೋಕಾಕಸ್ ಗಂಟಲಿನಲ್ಲಿ ಪೆನಿಸಿಲಿನ್‌ಗೆ ಇವತ್ತಿಗೂ ಸೋಲುತ್ತಲೇ ಇದೆ. ಪಾಠ ಕಲಿತದ್ದು ಅದರ ನೆರೆಹೊರೆಯ ಬ್ಯಾಕ್ಟೀರಿಯಾಗಳು: ನ್ಯೂಮೋಕಾಕಸ್, ಸ್ಟ್ಯಾಫಿಲೋಕಾಕಸ್, ಹಿಮೋಫಿಲಸ್.

ಹಾಗಿದ್ದೂ ಸ್ಟ್ರೆಪ್ ಗಂಟಲಿಗೆ 10 ದಿನ ಬರೆಯುವುದಕ್ಕೆ ಬೇರೆ ಕಾರಣವಿದೆ. ನೋವು ಮೂರನೇ ದಿನಕ್ಕೇ ಇಳಿದಿರುತ್ತದೆ, ಆದರೆ ಬ್ಯಾಕ್ಟೀರಿಯಾ ಗಂಟಲಿನಲ್ಲಿ ಉಳಿದರೆ ಕೆಲವರಿಗೆ ಸಂಧಿವಾತ ಜ್ವರ ಬಂದು ಹೃದಯದ ಕವಾಟಗಳು ಕೆಡುತ್ತವೆ. ಗಂಟಲು ನೋವು ಶುರುವಾದ 9 ದಿನಗಳೊಳಗೆ ಚಿಕಿತ್ಸೆ ಆರಂಭಿಸಿದರೂ ಆ ಜ್ವರವನ್ನು ತಡೆಯಬಹುದು, ಆದ್ದರಿಂದ ಪರೀಕ್ಷೆಯ ಫಲಿತಾಂಶಕ್ಕೆ ಒಂದೆರಡು ದಿನ ಕಾಯುವುದರಲ್ಲಿ ಅಪಾಯವಿಲ್ಲ.

ಈ 10 ದಿನವೂ ಕಲ್ಲಿನಲ್ಲಿ ಕೊರೆದದ್ದಲ್ಲ. ಸ್ವೀಡನ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪೆನಿಸಿಲಿನ್ ವಿ 1000 ಮಿಲಿಗ್ರಾಂ ದಿನಕ್ಕೆ ಮೂರು ಸಲ 10 ದಿನ ತೆಗೆದುಕೊಂಡವರನ್ನೂ, 800 ಮಿಲಿಗ್ರಾಂ ದಿನಕ್ಕೆ ನಾಲ್ಕು ಸಲ ಬರೀ 5 ದಿನ ತೆಗೆದುಕೊಂಡವರನ್ನೂ ಹೋಲಿಸಿದರು. ಒಟ್ಟು ಔಷಧಿ 30 ಗ್ರಾಂನಿಂದ 16 ಗ್ರಾಂಗೆ ಇಳಿದಿತ್ತು. ಆದರೂ ರೋಗ ವಾಸಿಯಾಗುವುದರಲ್ಲಿ 5 ದಿನದವರು ಹಿಂದೆ ಬೀಳಲಿಲ್ಲ. ಗಂಟಲಿನಿಂದ ಬ್ಯಾಕ್ಟೀರಿಯಾ ಪೂರ್ತಿ ತೊಲಗುವುದರಲ್ಲಿ ಮಾತ್ರ 10 ದಿನದ್ದೇ ಮುಂದಿತ್ತು. ದಿನ ಕಡಿಮೆ ಮಾಡಿದಾಗ ಹೊತ್ತು ಹೆಚ್ಚಿಸಿದರು ಎನ್ನುವುದು ನನಗೆ ಇದರಲ್ಲಿ ಕಾಣುವ ಸ್ವಾರಸ್ಯ. ನಿಮ್ಮ ಚೀಟಿಯಲ್ಲಿ 5 ದಿನವಿದ್ದರೆ ವೈದ್ಯರು ಜಿಪುಣತನ ಮಾಡಿದರು ಎಂದುಕೊಳ್ಳಬೇಡಿ. 10 ಬರೆದಿದ್ದರೆ ನೀವಾಗಿಯೇ 5ಕ್ಕೆ ನಿಲ್ಲಿಸಲೂ ಬೇಡಿ, ಕೇಳಿ ನಿಲ್ಲಿಸಿ. ಕಿವಿಗೆ ಎರಡು ವರ್ಷದೊಳಗಿನ ಮಕ್ಕಳಿಗೆ 10 ದಿನ, ದೊಡ್ಡ ಮಕ್ಕಳಿಗೆ 5ರಿಂದ 7 ದಿನ ಸಾಕಾಗುತ್ತದೆ.

ಯಾವಾಗ ಮರಳಿ ಹೋಗಬೇಕು

ಸರಿಯಾದ ಔಷಧಿ ಸರಿಯಾದ ಹೊತ್ತಿಗೆ ಹೋಗುತ್ತಿದ್ದರೆ 48ರಿಂದ 72 ಗಂಟೆಯೊಳಗೆ ಜ್ವರ, ನೋವು ಇಳಿಯತೊಡಗಬೇಕು. ಇಳಿಯದಿದ್ದರೆ ಡೋಸ್ ಹೆಚ್ಚಿಸಿಕೊಳ್ಳದೆ ವೈದ್ಯರನ್ನು ಕಾಣಿ. ರೋಗವೇ ಬೇರೆ ಇರಬಹುದು. ಹದಿಹರೆಯದವರಲ್ಲಿ ಎಪ್‌ಸ್ಟೀನ್ ಬಾರ್ ವೈರಸ್‌ನಿಂದ ಬರುವ ಗ್ರಂಥಿ ಜ್ವರ ಥೇಟ್ ಸ್ಟ್ರೆಪ್ ಗಂಟಲಿನಂತೆ ಕಾಣುತ್ತದೆ. ಅದಕ್ಕೆ ಅಮಾಕ್ಸಿಸಿಲಿನ್ ಕೊಟ್ಟರೆ ಮೈತುಂಬ ಕೆಂಪು ಗಂಧೆ ಏಳುವುದುಂಟು, ಅದನ್ನು ಜೀವನಪೂರ್ತಿ ಪೆನಿಸಿಲಿನ್ ಅಲರ್ಜಿ ಎಂದು ಹೊತ್ತು ತಿರುಗುವವರೂ ಇದ್ದಾರೆ.

ಉಗುಳು ನುಂಗಲಾಗದೆ ಜೊಲ್ಲು ಸುರಿಯುವುದು, ಬಾಯಿ ತೆರೆಯಲಾಗದಿರುವುದು, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ದನಿ ಬದಲಾಗುವುದು, ಕಣ್ಣಿನ ಸುತ್ತ ಊತ, ಕತ್ತು ಸೆಟೆಯುವುದು, ಕಿವಿಯ ಹಿಂದಿನ ಮೂಳೆಯ ಮೇಲೆ ಊತ, ಇವುಗಳಿಗೆ ಮುಂದಿನ ಡೋಸ್‌ವರೆಗೂ ಕಾಯಬಾರದು, ನೇರ ಆಸ್ಪತ್ರೆಗೆ. ಮಾತ್ರೆ ನುಂಗಿದ ಮೇಲೆ ತುಟಿ, ನಾಲಿಗೆ ಊದಿ ಉಸಿರು ಕಟ್ಟಿದರೆ ಅದು ತುರ್ತು. ಸ್ವಲ್ಪ ಭೇದಿ ಸಾಮಾನ್ಯ. ನೀರಿನಂತೆ ಪದೇ ಪದೇ ಆದರೆ, ರಕ್ತ ಕಂಡರೆ, ವೈದ್ಯರಿಗೆ ತಿಳಿಸಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ನೀವಾಗಿಯೇ ನುಂಗಬೇಡಿ.

ಸ್ಟ್ರೆಪ್ ಗಂಟಲಿನ ಮಗು ಔಷಧಿ ಶುರುವಾದ 12ರಿಂದ 24 ಗಂಟೆಯ ನಂತರ, ಜ್ವರ ಬಿಟ್ಟಿದ್ದರೆ, ಶಾಲೆಗೆ ಹೋಗಬಹುದು. ಔಷಧಿ ಉಳಿದರೆ ಮುಂದಿನ ಸಲಕ್ಕೆಂದು ಎತ್ತಿಡಬೇಡಿ, ಹಿಂದಕ್ಕೆ ತೆಗೆದುಕೊಳ್ಳುವ ಔಷಧಿ ಅಂಗಡಿಯಿದ್ದರೆ ಅಲ್ಲಿಗೆ ಕೊಡಿ.

ಆ ಕಾಲೇಜು ಹುಡುಗ ಆರನೆಯ ದಿನ ಮತ್ತೆ ಬಂದ. ಅವನ ಮಾತ್ರೆ ಮುಗಿದಿತ್ತು, ಗಂಟಲಲ್ಲಿ ಇನ್ನೂ ಸ್ವಲ್ಪ ಕೆರೆತ. "ಇನ್ನೆರಡು ಕೊಡಿ ಸರ್, ತಂಗಿಗೆ ಇನ್ನೂ ಹತ್ತು ಬಾಕಿ ಇವೆ" ಎಂದ. ಅವನ ಟಾನ್ಸಿಲ್‌ನಲ್ಲಿ ಅಜಿತ್ರೋಮೈಸಿನ್ ಇನ್ನೂ ತುಂಬಿಕೊಂಡೇ ಇತ್ತು. ಉಪ್ಪು ನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳಿ, ಎರಡು ದಿನದಲ್ಲಿ ಹೋಗದಿದ್ದರೆ ವೈದ್ಯರ ಹತ್ತಿರ ಹೋಗು ಎಂದು ಕಳಿಸಿದೆ.